ಎರಡನೇ ಕರಡು

ಸವಣೂರು
೧೧ ಆಗಸ್ಟ್ ೨೦೨೫

ಪ್ರಿಯಂವದಾ ಬಾಯಿಯವರಿಗೆ ಮುನವ್ವರಾಳ ಸಲಾಮ.

ಮೂರು ವರ್ಷದ ಮ್ಯಾಲ ನನ್ನ ಅಕ್ಷರ ನೋಡಿ ನಿಮಗ ಆಶ್ಚರ್ಯ ಆಗಿರಬೇಕು. ನಿಮ್ಮ ಹಾನಗಲ್ಲ ವಿಳಾಸ ಮಠದ ಓಣಿಯ ವೇದವ್ಯಾಸ ಆಚಾರ್ರ ಕಡಿಂದ ಇಸಗೊಂಡೆ. ಫೋನ್ ನಂಬರೂ ಕೊಡತೇನಿ ಅಂದ್ರು. ಬ್ಯಾಡ ಅಂದೆ. ಫೋನಿನ್ಯಾಗ ಬಂದದ್ದನ್ನ ನಂಬೂ ಧೈರ್ಯ ನನಗೀಗ ಇಲ್ರಿ. ನಿಮ್ಮ ಅಕ್ಷರ ನಾ ಜೋಡಿ ಸಾಲಿ ಕಲತ ಐದನೇ ಇಯತ್ತಾದಿಂದ ನೋಡೇನಿ. ಅದನ್ನ ಯಾರೂ ಸೋಗು ಹಾಕಾಕ ಆಗೂದಿಲ್ಲ.

ನನ್ನ ಮಗಳು ಶಾಹೀನ ನಿಮಗ ಗೊತ್ತ ಅದಾಳ. ನಿಮ್ಮ ಪಡಸಾಲ್ಯಾಗ ಕುಂತು ಬಾರಾಖಡಿ ಕಲತಾಕಿ. ಈಗ ಇಪ್ಪತ್ತು ವರ್ಷ. ಮೇ ತಿಂಗಳದಾಗ ಹಿರೇಕೆರೂರ ಕಡೆ ಗೋವಿನಜೋಳದ ಬೀಜ ಹಸನ ಮಾಡೂ ಫ್ಯಾಕ್ಟರಿಗೆ ಕೆಲಸಕ್ಕ ಹ್ವಾದ್ಲು. ನಾ ಒಲ್ಲೆ ಅಂದಿದ್ದೆ. "ನಿನ್ನಂಗ ಖಾರಾ ಕರಕೋತ ಬಾಣಲಿ ಮುಂದ ಮಾರಿ ಸುಟಗೊಳ್ಳೂದಿಲ್ಲ" ಅಂದ್ಲು. ನಾನೂ ಅನಬಾರದ್ದು ಅಂದೆ.

ಜುಲೈ ನಾಕನೇ ತಾರೀಖಿನಿಂದ ಆಕಿ ದನಿ ಕೇಳಿಲ್ರಿ. ಫೋನ್ ಹಚ್ಚಿದ್ರ ಎತ್ತೂದಿಲ್ಲ. ಆದ್ರ ದಿನಾ ಸಂಜಿ ಐದರ ಸುಮಾರ ಮೆಸೇಜ್ ಬರತೈತಿ: ಆರಾಮ ಅದೇನಿ, ಫ್ಯಾಕ್ಟರ್ಯಾಗ ಸಪ್ಪಳ ಭಾಳ, ಮಾತು ಕೇಳಸೂದಿಲ್ಲ ಅಂತ. ನಮ್ಮ ಮನಿ ಮಾತು ಉರ್ದು. ಶಾಹೀನ ಮೊದಲ ಅದನ್ನ ಕನ್ನಡ ಅಕ್ಷರದಾಗ ಬರೀತಿದ್ಲು, ಅರ್ಧಾ ಮುರದು, ಚುಕ್ಕಿ ಇಲ್ಲ ಗೆರಿ ಇಲ್ಲ. ಈಗ ಬರೂದೆಲ್ಲಾ ಚೊಕ್ಕ ಕನ್ನಡ. ವಾಕ್ಯಕ್ಕೊಂದು ಚುಕ್ಕಿ.

ನೀವು ಫೋನಿನೊಳಗ ಮೆಸೇಜ್ ಬರದು ಕೊಡೂ ಯಂತ್ರದ ಕೆಲಸ ಮಾಡತೀರಿ ಅಂತ ಆಚಾರ್ರು ಹೇಳಿದ್ರು. ಅದಕ್ಕ ಕೇಳತೇನ್ರಿ. ನನ್ನ ಕೂಡ ದಿನಾ ಮಾತಾಡಾಕತ್ತಾಕಿ ನನ್ನ ಮಗಳೋ, ಬ್ಯಾರೆ ಯಾರೋ?

ಮುನವ್ವರಾ


ಹಾನಗಲ್ಲ
೧೬ ಆಗಸ್ಟ್ ೨೦೨೫

ಮುನವ್ವರಾ ಅವರಿಗೆ ನಮಸ್ಕಾರ.

ಪತ್ರ ಮುಟ್ಟಿತು. ಬರೀಬೇಕಾದ್ದು ಬ್ಯಾರೆ ಅದ, ಆದ್ರ ಮೊದಲ ನೀವು ಕೇಳಿದ್ದಕ್ಕ ಉತ್ತರ ಕೊಡ್ತೀನಿ.

ಹುಬ್ಬಳ್ಳಿಯೊಳಗಿನ ಒಂದು ಸಣ್ಣ ಕಂಪನಿಗೆ ಮನ್ಯಾಗ ಕೂತು ಕೆಲಸ ಮಾಡ್ತೀನಿ. ಈಗ ಫೋನಿನೊಳಗ ಸಹಾಯಕ ಇರ್ತದಲ್ಲ, "ನಮ್ಮ ಸಾಹೇಬರಿಗೆ ರಜಾ ಕೇಳಿ ಬರದು ಕೊಡು" ಅಂದ್ರ ಅದು ಕರಡು ಮಾಡಿ ತೋರಸ್ತದ. ಒಮ್ಮೊಮ್ಮೆ ಎರಡು ನಮೂನಿ, ಒಂದು ಮೆತ್ತಗ, ಒಂದು ಖಡಕ್ಕಾಗಿ. ಮನುಷ್ಯ ಬೇಕಾದ್ದನ್ನ ಆರಿಸಿ ಕಳಸಬೇಕು. ಆ ಕರಡು ಮಾಡೋ ಸಲಕರಣಿಗೆ ನಾ ಕನ್ನಡದಾಗ ಕೈಪಿಡಿ ಬರೀತೀನಿ. ಮಗಳು ತಾಯಿಗೆ ಬರದ್ರ ಹೆಂಗ ಬರೀಬೇಕು, ಸೊಸಿ ಅತ್ತಿಗೆ ಬರದ್ರ ಹೆಂಗ, ಎಲ್ಲೆ "ರಿ" ಹಚ್ಚಬೇಕು, ಎಲ್ಲೆ ಹಚ್ಚಬಾರದು. ವಿಚಿತ್ರ ಏನಂದ್ರ, ಈ ಕೈಪಿಡಿ ಮನುಷ್ಯಾರು ಓದೂದಿಲ್ಲ. ಆ ಸಹಾಯಕನ ಓದ್ತದ.

ಚೊಕ್ಕ ಕನ್ನಡ ಅಂದಕೂಡ್ಲೆ ಯಂತ್ರ ಅನ್ಲಿಕ್ಕೆ ಬರೂದಿಲ್ಲ. ಜೋಡಿ ಇರೋ ಹುಡುಗ್ಯಾರು ಯಾರರೆ ಬರದು ಕೊಟ್ಟಿರಬಹುದು. ಎರಡು-ಮೂರು ಮೆಸೇಜ್ ಇದ್ದದ್ದು ಇದ್ದಂಗ, ಒಂದು ಅಕ್ಷರ ತಪ್ಪದಂಗ ಕೈಲೆ ಬರದು ಕಳಸ್ರಿ. ಹೆದರಬ್ಯಾಡ್ರಿ ಅಂತ ಬರೀಬೇಕು ಅನಸ್ತದ. ಬರದ್ರ ಸುಳ್ಳಾಗ್ತದ.

ಪ್ರಿಯಂವದಾ


ಸವಣೂರು
೨೧ ಆಗಸ್ಟ್ ೨೦೨೫

ಬಾಯಿಯವರ,

ಮೊನ್ನೆ ಬಂದದ್ದು: "ಅಮ್ಮಾ, ಇವತ್ತ ಊಟ ಹೊತ್ತಿಗೆ ಸರಿಯಾಗಿ ಆತು. ಕೆಲಸ ಹಗುರ ಅದ. ನೀ ನಿನ್ನ ಗುಳಿಗಿ ಮರೀಬ್ಯಾಡ."

ನಿನ್ನೆ ಬಂದದ್ದು: "ಅಮ್ಮಾ, ಇಲ್ಲೆ ಮಳಿ ಬಂದು ಹೋತು. ಜೋಡಿ ಹುಡುಗ್ಯಾರು ಒಳ್ಳೇವರು ಇದ್ದಾರ. ಸದ್ಯಕ್ಕ ಊರಿಗೆ ಬರ್ಲಿಕ್ಕೆ ಆಗೂದಿಲ್ಲ, ಹಂಗಾಮು ಜೋರ ಅದ."

ಇವತ್ತಿಂದು: "ಅಮ್ಮಾ, ನನ್ನ ಬಗ್ಗೆ ಏನೂ ವಿಚಾರ ಮಾಡಬ್ಯಾಡ. ಜೀವಾ ಸಡ್ಲ ಬಿಟ್ಟಿರು."

ಬರಕೊಳ್ಳೂವಾಗ ಒಂದು ಕಣ್ಣಿಗೆ ಬಿತ್ತು. ನಮ್ಮ ಓಣ್ಯಾಗ "ಐತಿ" ಅಂತೇವಿ, "ಅದಾರ" ಅಂತೇವಿ. "ಅದ", "ಇದ್ದಾರ", "ಬರ್ಲಿಕ್ಕೆ" ಅನ್ನೂದು ನಿಮ್ಮ ಮಂದಿ ಮಾತು. ನನ್ನ ಮಗಳ ಫೋನಿನ್ಯಾಗ ನಿಮ್ಮ ಓಣಿ ಯಾಕ ಮಾತಾಡಾಕತ್ತೈತಿ?

ನನ್ನ ತಮ್ಮ ಮಜೀದ ಹ್ವಾದ ವಾರ ಹಿರೇಕೆರೂರಿಗೆ ಹೋಗಿದ್ದ. ಆ ಫ್ಯಾಕ್ಟರಿ ಗೇಟಿನ್ಯಾಗ "ಶಾಹೀನ ಅನ್ನಾಕಿನ್ನ ಬ್ಯಾರೆ ಗೋದಾಮಿಗೆ ಹಾಕೇವಿ, ಇಲ್ಲಿಲ್ಲ" ಅಂದ್ರಂತ. ಎಲ್ಲಿ ಅಂದ್ರ ಬಾಯಿ ಬಿಡಲಿಲ್ಲ. ಅಂವ ಗೇಟಿನ ಮುಂದ ನಿಂತಾಗನ ಅವನ ಫೋನಿಗೆ ಮೆಸೇಜ್ ಬಂತು: "ಮಾಮಾ, ನಾ ಬ್ಯಾರೆ ಊರಾಗ ಆರಾಮ ಇದ್ದೀನಿ, ನೀ ತ್ರಾಸ ತಗೋಬ್ಯಾಡ, ತಿರುಗಿ ಹೋಗು." ಮಜೀದ ಸಮಾಧಾನಾಗಿ ಬಂದ. ನನಗ ಮೈಯೆಲ್ಲಾ ತಣ್ಣಗಾತು. ಅಂವ ಬಂದದ್ದು ಆಕಿಗೆ ಯಾರ ಹೇಳಿದ್ರು?

ಠಾಣಾಕ್ಕ ಹೋದ್ರ, ಹುಡುಗಿಗೆ ಇಪ್ಪತ್ತು ವರ್ಷ, ದಿನಾ ಮೆಸೇಜ್ ಹಾಕತಾಳ, ಏನಂತ ಬರಕೊಳ್ಳೂಣು ಅಂದ್ರು.

ಮುನವ್ವರಾ


ಹಾನಗಲ್ಲ
೨೬ ಆಗಸ್ಟ್ ೨೦೨೫

ಮುನವ್ವರಾ,

"ರಿ" ಬಿಟ್ಟು ಬರೀತೀನಿ. ಅಕ್ಷರ ಸೊಟ್ಟ ಇದ್ರೂ ಇದು ನಂದ ಅಂತ ತಿಳಕೊ.

"ಜೀವಾ ಸಡ್ಲ ಬಿಟ್ಟಿರು" ಅನ್ನೂದು ನಮ್ಮ ಅವ್ವನ ತಂಗಿ ಅನ್ನೋ ಮಾತು. ಬ್ಯಾರೆ ಯಾರ ಬಾಯಾಗೂ ನಾ ಕೇಳಿಲ್ಲ. ಫೆಬ್ರುವರಿಯೊಳಗ ಕೈಪಿಡಿಗೆ ಒಂದು ಅಧ್ಯಾಯ ಬರದೆ, "ದೂರ ಇರೋ ಮಗಳು ತಾಯಿಗೆ" ಅಂತ. ಮಾದರಿಗೆ ಹತ್ತು ಸಾಲು ಕೊಟ್ಟೆ. ಊಟ ಹೊತ್ತಿಗೆ ಸರಿಯಾಗಿ ಆತು ಅನ್ನೂದು ಒಂದು. ಗುಳಿಗಿ ಮರೀಬ್ಯಾಡ ಅನ್ನೂದು ಒಂದು. ಜೀವಾ ಸಡ್ಲ ಬಿಟ್ಟಿರು ಅನ್ನೂದು ಕಡೀದು. ಅವು ಈಗ ನಿನ್ನ ಪತ್ರದಾಗ ನನಗ ತಿರುಗಿ ಬಂದಾವ.

ಅಂದ್ರ ಕರಡು ಮಾಡಿದ್ದು ನಮ್ಮ ಸಲಕರಣಿನ. ಆದ್ರ ಅದು ತಾನಾಗೇ ಯಾರಿಗೂ ಏನೂ ಕಳಸೂದಿಲ್ಲ. ಯಾರೋ ಒಬ್ಬರು ಅದಕ್ಕ ಹೇಳ್ತಾರ, ಯಾರೋ ಒಬ್ಬರು ಒತ್ತತಾರ. ಅದು ಶಾಹೀನಳ ಬೆರಳೋ, ಆಕಿ ಫೋನ್ ಹಿಡದವರ ಬೆರಳೋ, ಅದು ನಮಗ ಕಾಣಸೂದಿಲ್ಲ. ಹುಬ್ಬಳ್ಳ್ಯಾಗ ನಮ್ಮ ಕೆಲಸಾ ನೋಡಿಕೊಳ್ಳೋ ಕೌಸ್ತುಭಗ ಕೇಳಿದೆ. "ಮೇಡಂ, ಮಂದಿ ಏನು ಬರಸ್ತಾರ ಅಂತ ನಾವು ನೋಡೂದಿಲ್ಲ, ನೋಡಬಾರದು" ಅಂದ. ಖರೇನ ಅದು. ಖರೇ ಇದ್ದದ್ದಕ್ಕ ನನಗ ಮತ್ತಷ್ಟು ಸಂಕಟಾತು.

ಒಂದು ಮಾಡು. ಆಕಿಗೆ ಮತ್ತು ನಿನಗ ಬಿಟ್ಟು ಯಾರಿಗೂ ಗೊತ್ತಿರದ್ದು ಏನರೆ ಒಂದು ಕೇಳು. ಉರ್ದುದಾಗ ಕೇಳು. ಉತ್ತರ ಯಾವಾಗ ಬಂತು, ಹೆಂಗ ಬಂತು, ಎಲ್ಲಾ ಬರಿ.

ನಿನ್ನ
ಪ್ರಿಯಂವದಾ


ಸವಣೂರು
೩ ಸೆಪ್ಟೆಂಬರ್ ೨೦೨೫

ಪ್ರಿಯಂವದಾ,

ಶಾಹೀನ ಏಳು ವರ್ಷದಾಕಿ ಇದ್ದಾಗ ಒಂದು ಆಡಿನ ಮರಿ ಸಾಕಿದ್ಲು. ಗಡ್ಡ ಇತ್ತಂತ ಅದಕ್ಕ "ಮಾಸ್ತರ" ಅಂತಿದ್ಲು. ಆ ಹೆಸರು ಕೇಳಿದೆ. ಬೆಳಿಗ್ಗೆ ಎಂಟಕ್ಕ ಕೇಳಿದ್ದು, ಉತ್ತರ ಬಂದದ್ದು ಮರುದಿನ ಸಂಜಿ ಐದಕ್ಕ. "ಮಾಸ್ತರ. ಅದನ್ನೆಲ್ಲಾ ಈಗ ಯಾಕ ನೆನಸ್ತಿ ಅಮ್ಮಾ? ಹಳೇದು ಬಿಡು." ಕನ್ನಡದಾಗನ.

ಉತ್ತರ ಬರೋಬ್ಬರಿ. ಅಂದ್ರ ನನ್ನ ಕೂಸು ಜೀವಂತ ಐತಿ. ಒಲಿ ಮುಂದ ಕುಂತು ಅತ್ತೆ. ಆಮ್ಯಾಲ ಹೊಳೀತು: ಆಕಿ ಹೇಳ್ಯಾಳ, ಬಾಜೂಕ ಕುಂತವ ಬರದಾನ. ಬಾಜೂಕ ಯಾರದಾರ, ಪ್ರಿಯಾ? ಆಕಿ ಮಾಸ್ತರ ಅನ್ನೂವಾಗ ಅಂವ ಆಕಿ ಮಾರಿ ನೋಡಿರಬೇಕಲ್ಲ?

ಹುಲಗೂರ ದರ್ಗಾಕ್ಕ ಹೋಗಿ ಬಂದೆ. ಏನ ಬೇಡಿಕೊಳ್ಳಬೇಕಂತ ತಿಳೀಲಿಲ್ಲ. ಮೆಸೇಜ್ ನಿಲ್ಲಲಿ ಅನ್ಲ್ಯಾ, ನಿಲ್ಲಬಾರದು ಅನ್ಲ್ಯಾ? ಸುಮ್ಮನ ಕೈ ಎತ್ತಿ ಬಂದೆ.

ಖಾರಾ ಕರಿಯೂದು ಬಿಟ್ಟೇನಿ. ಸಂಜಿ ಐದಾತಂದ್ರ ಕೈಯಾಗಿಂದು ಉದರತೈತಿ.

ಮುನವ್ವರಾ


ಹಾನಗಲ್ಲ
೧೩ ಸೆಪ್ಟೆಂಬರ್ ೨೦೨೫

ಮುನವ್ವರಾ,

ನಾ ಒಂದು ಕೆಲಸ ಮಾಡೀನಿ. ಚಲೋದೋ ಕೆಟ್ಟದ್ದೋ ತಿಳೀವಲ್ತು.

ಕೈಪಿಡಿಯೊಳಗ ಮೊದಲ ಹಿಂಗ ಬರದಿದ್ದೆ: "ಬರಸಾವ್ರು ಏನು ಮುಚ್ಚಿಡು ಅಂತಾರೋ ಅದನ್ನ ಮುಚ್ಚಿಡು, ಅದು ಅವರ ಇಚ್ಛಾ." ಅದನ್ನ ಬರದಾಗ ನಾ ಜ್ವರದ ಸುದ್ದಿ, ಪರೀಕ್ಷಾ ನಪಾಸಾದ ಸುದ್ದಿ ಇಷ್ಟ ವಿಚಾರ ಮಾಡಿದ್ದೆ. ಈಗ ಅದರ ಕೆಳಗ ಹೊಸಾದು ಸೇರಿಸೀನಿ: "ಬರಸಾವ್ರು ತಮಗ ಆದ ಪೆಟ್ಟು, ತಮ್ಮ ಮ್ಯಾಲಿನ ಒತ್ತಾಯ ಹೇಳಿಕೊಂಡು, ಇದನ್ನ ಮನಿಯವರಿಗೆ ತಿಳಸಬ್ಯಾಡ ಅಂದ್ರ, ಅವರು ಕೇಳಿದ ಕರಡು ಕೊಡು. ಜೋಡಿಗೆ ಎರಡನೇ ಕರಡು ಒಂದು ಇಡು, ಇದ್ದದ್ದನ್ನ ಇದ್ದಂಗ ಹೇಳೂದು. ಯಾವುದನ್ನ ಕಳಸಬೇಕು ಅನ್ನೂದು ಅವರಿಗೆ ಬಿಟ್ಟದ್ದು."

ಕೌಸ್ತುಭ ಒಪ್ಪಲಿಲ್ಲ. "ಬಾಜೂಕ ಕೂತವರು ಆ ಎರಡನೇದನ್ನ ನೋಡಿದ್ರ ಏನ್ರಿ ಮೇಡಂ? ಆ ಹುಡುಗಿಗೇ ಅಪಾಯ ಅಲ್ಲೇನು?" ಅಂದ. ನಾಕು ದಿನಾ ವಾದ ಮಾಡಿ ಕಡೀಕ ಅಂವನ ಒಂದು ದಾರಿ ಹೇಳಿದ. ಎರಡನೇದು ಮಡಚಿದಂಗ ಇರ್ತದ, ಮ್ಯಾಲ ಏನೂ ಕಾಣೂದಿಲ್ಲ, ಬೆರಳು ಇಟ್ಟವರಿಗಷ್ಟ ಬಿಚ್ಚತದ. ಸೋಮವಾರದಿಂದ ಅದು ಎಲ್ಲಾರ ಫೋನಿಗೂ ಹೋಗ್ತದ. ನಿನ್ನ ಮಗಳಿಗಷ್ಟ ಅಲ್ಲ, ಎಲ್ಲಾರ ಮಕ್ಕಳಿಗೂ.

ಇನ್ನೊಂದು. ಮೂರು ವರ್ಷದ ಹಿಂದ ಅಪ್ಪ ತೀರಿಕೊಂಡ ದಿನಾ ನೀ ನಮ್ಮ ಮನಿಗೆ ಬಂದಿದ್ದಿ. ನಮ್ಮಣ್ಣ ಬಾಗಲದಾಗ ನಿಂತು ನಿನ್ನ ಒಳಗ ಬಿಡ್ಲಿಲ್ಲ. ನಾ ಒಳಗಿಂದ ನೋಡಿದೆ. ಏನೂ ಅನ್ಲಿಲ್ಲ. ನೀ ತಿರುಗಿ ಹೋಗೂತನಕ ಕಂಬಕ್ಕ ಆತು ನಿಂತಿದ್ದೆ. ಮೊದಲನೇ ಪತ್ರದಾಗ ಬರೀಬೇಕಾದ್ದು ಇದು.

ಪ್ರಿಯಾ


ಸವಣೂರು
೧೯ ಸೆಪ್ಟೆಂಬರ್ ೨೦೨೫

ಪ್ರಿಯಾ,

ಸೋಮವಾರ ಬಂತು, ಮಂಗಳವಾರ ಬಂತು. ಬುಧವಾರ ಬರಲಿಲ್ಲ. ನಿನ್ನೆ ಬರಲಿಲ್ಲ. ಇವತ್ತ ಐದಾತು, ಆರಾತು, ಏಳಾತು. ಬರಲಿಲ್ಲ.

ಎಪ್ಪತ್ತು ದಿನಾ ಆ ಮೆಸೇಜಿಗೆ ಶಾಪಾ ಹಾಕಿದೆ. ಈಗ ಅದು ಬರಲಿ, ಸುಳ್ಳ ಇರಲಿ, ಬರಲಿ ಅಂತ ಫೋನ್ ಮುಂದ ಇಟಗೊಂಡು ಕುಂತೇನಿ.

ನೀ ಏನ ಬರದಿ ಆ ಯಂತ್ರಕ್ಕ? ಅಂವ ನೋಡಿದ ಅಂತ ಕಾಣತೈತಿ.

ಮುನವ್ವರಾ


ಹಾನಗಲ್ಲ
೨೧ ಸೆಪ್ಟೆಂಬರ್ ೨೦೨೫, ರವಿವಾರ

ಮುನವ್ವರಾ,

ಇದನ್ನ ಸವಣೂರ ಬಸ್ಸಿನ ಕಂಡಕ್ಟರ ಕೈಯಾಗ ಕೊಟ್ಟು ಕಳಸ್ಲಿಕ್ಕತ್ತೀನಿ. ಕೆಳಗ ನನ್ನ ಫೋನ್ ನಂಬರ ಅದ. ಇನ್ನ ಕಾಗದದ ಹಾದಿ ಕಾಯಬ್ಯಾಡ. ನಾ ಫೋನ್ ಕೈಯಾಗ ಹಿಡಕೊಂಡ ಇರ್ತೀನಿ.

ಬರದದ್ದನ್ನ ತಗದುಬಿಡ್ಲೇನು ಅಂತ ಕೌಸ್ತುಭಗ ಕೇಳಿದೆ. "ನಾ ಹೇಳಿದ್ದೆ" ಅಂತಾನ ಅಂತ ಹೆದರಿದ್ದೆ. ಅಂವ "ಬ್ಯಾಡ್ರಿ, ಈಗ ತಗದ್ರ ಮತ್ತೊಬ್ಬಾಕಿಗೆ ಬಾಗಲಾ ಹಾಕಿದಂಗ" ಅಂದ. ತಗದಿಲ್ಲ. ಶಾಹೀನಗ ಏನರೆ ಆಗಿದ್ರ ಅದು ನನ್ನಿಂದ ಆದದ್ದು. ಇದನ್ನ ನಾ ಬ್ಯಾರೆ ಯಾರ ಮ್ಯಾಲೂ ಹಾಕೂದಿಲ್ಲ.

ಪ್ರಿಯಾ


ಹಾನಗಲ್ಲ
೨೮ ಸೆಪ್ಟೆಂಬರ್ ೨೦೨೫

ಮುನವ್ವರಾ,

ಸೋಮವಾರ ಏನೇನಾತು ಅನ್ನೂದು ನಿನಗ ಅರ್ಧಾ ಅಷ್ಟ ಗೊತ್ತದ. ನೀ ಬಂದು ಮುಟ್ಟೂಕಿಂತ ಮೊದಲಿಂದು ನಾ ಬರದಿಡ್ತೀನಿ. ಮುಂದ ಕೇಳಾವ್ರು ಕೇಳ್ತಾರ. ಈ ಕಾಗದ ಜೋಪಾನ ಇಡು.

ಮಧ್ಯಾಹ್ನ ಹನ್ನೆರಡೂವರಿಗೆ ನಿನ್ನ ಫೋನ್ ಬಂತು. ನೀ ಅಳಕೋತ ಓದಿದಿ: "ಅಮ್ಮಾ ಮೇರಾ ಸೀಧಾ ಹಾತ ಮಿಶನ ಮೆ ಗಯಾ ತಿಳವಳ್ಳಿ ಗೋದಾಮ ಕೆ ಪೀಛೆ ಹೂಂ ಆಕೊ ಲೇಕೊ ಜಾ." ನನ್ನ ಬಲಗೈ ಮಶೀನದಾಗ ಹೋತು, ತಿಳವಳ್ಳಿ ಗೋದಾಮಿನ ಹಿಂದ ಇದ್ದೀನಿ, ಬಂದು ಕರಕೊಂಡು ಹೋಗು. "ಇದು ನನ್ನ ಮಗಳು, ಪ್ರಿಯಾ, ಇದು ನನ್ನ ಮಗಳ" ಅಂತ ನೀ ನಾಕು ಸಲ ಅಂದಿ.

ಹಾನಗಲ್ಲದಿಂದ ತಿಳವಳ್ಳಿಗೆ ಬಸ್ಸಿನ್ಯಾಗ ಒಂದು ತಾಸೂ ಇಲ್ಲ. ಎರಡೂವರಿ ತಿಂಗಳಿಂದ ಆಕಿ ನನ್ನಿಂದ ಅಷ್ಟ ದೂರ ಇದ್ಲು. ನೀನೂ ಮಜೀದನೂ ಬರೂದ್ರೊಳಗ ನಾಕೈದು ತಾಸು ಆಗ್ತದ ಅಂತ ನಾ ಒಬ್ಬಾಕಿನ ಎರಡೂವರಿ ಬಸ್ ಹತ್ತಿದೆ. ದಾರಿಯೊಳಗ ಎರಡು ಸಲ ಇಳದು ತಿರುಗಿ ಹೋಗಬೇಕು ಅನಸ್ತು. ಇದನ್ನೂ ಬರೀತೀನಿ.

ಗೋದಾಮಿನ ಹಿಂದ ತಗಡಿನ ಖೋಲಿ. ಮುಂದ ಒಬ್ಬಾಕಿ ಮುದುಕಿ ಅಕ್ಕಿ ಆರಸ್ಕೋತ ಕೂತಿದ್ಲು. ಲಾಲಬಿ ಅಂತ, ಆಳುಗಳಿಗೆ ಅಡಗಿ ಮಾಡಾಕಿ. ಶಾಹೀನ ಎಲ್ಲೆ ಅಂದೆ. "ನೀವು ಯಾರೋ ನನಗ ಗೊತ್ತಿಲ್ಲ, ನಾ ನಿಮ್ಮನ್ನ ನೋಡಿಲ್ಲ" ಅಂದು ಅಕ್ಕಿ ಮರಾ ಎತ್ತಿಕೊಂಡು ಆಕಡೆ ತಿರುಗಿ ಕೂತ್ಲು. ಕೂತಾಕಿ ಕಾಲಿನಿಂದ ಬಾಗಲಾ ದೂಡಿದ್ಲು.

ಬಾಗಲಕ್ಕ ಕೀಲಿ ಇರ್ಲಿಲ್ಲ, ಮುನವ್ವರಾ. ಚಿಲಕ ಸುದ್ಧಾ ಹಾಕಿರ್ಲಿಲ್ಲ.

ಶಾಹೀನ ಗ್ವಾಡಿಗೆ ಆತು ಕೂತಿದ್ಲು. ಬಲಗೈ ಓಢಣಿಯೊಳಗ. ನನ್ನ ಗುರ್ತ ಹಿಡದು "ಮೌಶಿ, ಐದಕ್ಕ ಅಂವ ಬರತಾನ" ಅಂದ್ಲು. ಅಮ್ಮ ಎಲ್ಲಿ ಅಂತ ಮೊದಲ ಕೇಳ್ಲಿಲ್ಲ. ಐದಕ್ಕ ಅಂವ ಬರತಾನ ಅಂತನ ಮೂರು ಸಲ ಅಂದ್ಲು.

ಆಕಿ ಹೇಳಿದ್ದು ಇಷ್ಟು. ಜುಲೈ ನಾಕಕ್ಕ ಬೀಜಾ ಸೋಸೋ ಮಶೀನಿನ ಪಟ್ಟಾದಾಗ ಕೈ ಸಿಕ್ಕಿತು. ಮ್ಯಾಲ ಮುಚ್ಚೋ ಜಾಳಗಿ ಮುರದು ತಿಂಗಳಾಗಿತ್ತು. ದವಾಖಾನಿಗೆ ಒಯ್ದವರು ಮನ್ಯಾಗ ಬಿದ್ದಾಳ ಅಂತ ಬರಸಿದ್ರು. ಆಮ್ಯಾಲ ಇಲ್ಲಿಗೆ ತಂದು ಇಟ್ರು. "ಮನಿಗೆ ಹೇಳಿದ್ರ, ನಿನ್ನ ಹುಡುಗಾಟಕ್ಕ ಮಶೀನು ಹಾಳಾತು ಅಂತ ನಿನ್ನ ಮ್ಯಾಲನ ಕೇಸ್ ಹಾಕ್ತೇವಿ, ನಿನ್ನ ಮಾಮಾನ್ನೂ ಎಳೀತೇವಿ" ಅಂದ್ರು. ಎಡಗೈಲೆ ಒತ್ತಲಿಕ್ಕೆ ಬರ್ತಿರ್ಲಿಲ್ಲ. ಫೋನಿಗೆ ಬಾಯಿಲೆ ಹೇಳು, ಚಂದಗೆ ಬರದು ಕೊಡ್ತದ ಅಂತ ಕಲಿಸಿದಂವ ಅಲ್ಲಿ ಮ್ಯಾನೇಜರ. ದಿನಾ ಐದಕ್ಕ ಬಂದು, ಏನು ಕಳಿಸಿದಿ ತೋರ್ಸು ಅಂತಿದ್ದ. ಮಜೀದ ಗೇಟಿಗೆ ಬಂದ ದಿನಾ ಮ್ಯಾನೇಜರ ಆಕಿಗೆ ಫೋನ್ ಹಚ್ಚಿ ಆ ಮೆಸೇಜ್ ಬರಸಿದ.

ಅಂವ ಅವತ್ತ ನಾಕಕ್ಕ ಬಂದ. ನೀವಿನ್ನೂ ಹಾನಗಲ್ಲ ದಾಟಿರ್ಲಿಲ್ಲ.

"ಯಾರ ನೀವು?" ಅಂದ.

"ಆಕಿ ಮೌಶಿ" ಅಂದೆ.

ನನ್ನ ಕುಂಕುಮ ನೋಡಿದ, ಆಕಿ ಓಢಣಿ ನೋಡಿದ, ನಕ್ಕ. "ಬಾಯಾರ, ಹುಡುಗಿ ತನ್ನ ಖುಷೀಲೆ ಅದಾಳ. ತಾಯಿಗೆ ದಿನಾ ಬರೀತಾಳ. ನೋಡ್ರಿ ಬೇಕಾದ್ರ" ಅಂದು ಆಕಿ ಫೋನ್ ಕಸಗೊಂಡು ಹಿಂದಿನ ಮೆಸೇಜ್ ತಗದು ನನ್ನ ಮಾರಿ ಮುಂದ ಹಿಡದ. ಜೀವಾ ಸಡ್ಲ ಬಿಟ್ಟಿರು. ನಾ ಬರದ ಸಾಲು, ನನಗ ಸಾಕ್ಷಿ ಅಂತ ತೋರಿಸಿದ.

ಏನೂ ಅನ್ಲಿಕ್ಕೆ ಆಗ್ಲಿಲ್ಲ, ಖರೇ ಹೇಳ್ತೀನಿ. ಆದ್ರ ಬಾಗಲದಾಗಿಂದ ಜರಗ್ಲಿಲ್ಲ. ಅಂವ ಕಿಸೆದಿಂದ ಒಂದು ಕಾಗದ ತಗದ. ಕೈ ಪೆಟ್ಟಾದದ್ದು ಕೆಲಸದಾಗ ಅಲ್ಲ ಅಂತ ಅದರಾಗ ಇತ್ತು. "ಎಡಗೈ ಹೆಬ್ಬೆಟ್ಟು ಒತ್ತಿ ಕರಕೊಂಡು ಹೋಗ್ರಿ, ನಮ್ಮದೇನೂ ತಕರಾರಿಲ್ಲ" ಅಂದ.

ಶಾಹೀನ ಗ್ವಾಡಿ ಹಿಡದು ಎದ್ದು ನಿಂತ್ಲು. "ನನಗ ಓದಾಕ ಬರತೈತಿ" ಅಂದ್ಲು, "ಹೆಬ್ಬೆಟ್ಟು ಒತ್ತೂದಿಲ್ಲ."

ಅಂವ ಆಕಿ ಕಡೆ ಒಂದು ಹೆಜ್ಜಿ ಇಟ್ಟ. ಆಗ ಹೊರಗಿಂದ ಲಾಲಬಿ ಒದರಿದ್ಲು, "ಸಾಹೇಬರ, ರಸ್ತಾದ ಮ್ಯಾಲ ಮಂದಿ ಬರಾಕತ್ತಾರು." ಮಂದಿ ಯಾರೂ ಇರ್ಲಿಲ್ಲ. ಆ ಮುದುಕಿ ಸುಳ್ಳು ಹೇಳಿದ್ಲು. ಆದ್ರ ಅಂವ ಹೊರಗ ಹೋದ. ನಾ ಆಕಿ ಎಡಗೈ ಹಿಡಕೊಂಡು ಹಾದಿಗೆ ಬಂದೆ, ಬಸ್ ಸ್ಟ್ಯಾಂಡಿನ ಚಹಾದಂಗಡಿ ಬೆಂಚಿನ ಮ್ಯಾಲ ಮಂದಿ ನಡುವ ಕೂಡಿಸಿದೆ. ಅಲ್ಲೇ ನೀ ಬಂದದ್ದು.

ಲಾಲಬಿಗೆ ಏನಾತೋ ಗೊತ್ತಿಲ್ಲ. ಅದೊಂದು ಹೆದರಿಕಿ ನನಗ ಇನ್ನೂ ಅದ.

ಪ್ರಿಯಾ


ಸವಣೂರು
೪ ಅಕ್ಟೋಬರ್ ೨೦೨೫

ಪ್ರಿಯಾ,

ಕಾಗದ ಟ್ರಂಕಿನ್ಯಾಗ ಇಟ್ಟೇನಿ. ನಿನ್ನೆ ಇಬ್ಬರು ಮೋಟಾರ್‌ಸೈಕಲ್ ಮ್ಯಾಲ ಬಂದು ನಮ್ಮ ಮನಿ ಮುಂದ ನಿಂತಿದ್ರು. ಒಂದು ರೂಪಾಯಿದ ಖಾರಾ ಕೊಡ್ರಿ ಅಂತ ಕೇಳಿ, ನಕ್ಕು ಹ್ವಾದ್ರು. ಕರಿಯೂದು ಬಿಟ್ಟು ತಿಂಗಳಾತು ಅಂತ ಓಣಿಗೆಲ್ಲಾ ಗೊತ್ತೈತಿ. ಮಜೀದ ಈಗ ಪಡಸಾಲ್ಯಾಗ ಮಲಗತಾನ.

ಲಾಲಬಿ ತನ್ನ ಮಗಳ ಊರು ಬಂಕಾಪುರಕ್ಕ ಬಂದಾಳಂತ. ಕೆಲಸಾ ಬಿಡಿಸ್ಯಾರು. ಅಷ್ಟ. ಜೀವಕ್ಕ ಏನೂ ಇಲ್ಲ.

ಶಾಹೀನ ಉಣ್ಣೂವಾಗ ನಾ ತುತ್ತು ಮಾಡಿ ಕೊಡಾಕ ಹೋದ್ರ ಕೈ ದೂಡತಾಳ. ಅನ್ನಾ ಚೆಲ್ಲತೈತಿ. ಚೆಲ್ಲಲಿ ಅಂತ ಸುಮ್ಮನ ಕುಂದರತೇನಿ. ಅದು ಕಲಿಯಾಕ ನನಗ ನಾಕು ದಿನಾ ಹಿಡೀತು.

ನಿಮ್ಮ ಅಪ್ಪ ತೀರಿದ ದಿನದ ಮಾತು ನೀ ಬರದಿದ್ದಿ. ನಾ ಉತ್ತರ ಕೊಡಲಿಲ್ಲ, ಈಗೂ ಕೊಡೂದಿಲ್ಲ. ಒಂದು ದಿನಾ ಬಾ. ನಮ್ಮ ಮನಿ ಬಾಗಲಾ ಗಿಡ್ಡ, ತಲಿ ಬಗ್ಗಿಸಿ ಬರಬೇಕು.

ಮುನವ್ವರಾ


ಸವಣೂರು
೧೨ ಅಕ್ಟೋಬರ್ ೨೦೨೫

ಪ್ರಿಯಾ ಮೌಶಿಗೆ ಶಾಹೀನಳ ಸಲಾಮ.

ಎಡಗೈಲೆ ಬರದೇನಿ. ಒಂದು ಪುಟಕ್ಕ ಎರಡು ದಿನಾ ಆಗ್ಯಾವು. ತಪ್ಪು ತಿದ್ದಿ ಓದಬ್ಯಾಡ್ರಿ, ಹಂಗ ಓದ್ರಿ.

ನೀವು ಬರದದ್ದರಿಂದ ನಾ ಹೊರಗ ಬಂದೆ ಅಂತ ಅಮ್ಮ ಅಂತಾಳ. ನಿಮ್ಮಿಂದ ನನಗ ಪೆಟ್ಟಾಗತಿತ್ತು ಅಂತ ನೀವು ಅಂದಕೊಂಡೀರಿ. ಎರಡೂ ಪೂರಾ ಖರೇ ಅಲ್ಲ.

ಆ ಬುಧವಾರ ಯಾವಾಗಿನಂಗ ಫೋನಿಗೆ ಹೇಳಿದೆ, ಅಮ್ಮಗ ಆರಾಮ ಅದೇನಿ ಅಂತ ಬರಿ, ಕೈ ಸುದ್ದಿ ಬ್ಯಾಡ ಅಂತ. ಕೆಳಗ ಏನೋ ಮಡಚಿದ್ದು ಕಂಡಿತು. ಬೆರಳಿಟ್ಟೆ. "ಅಮ್ಮಾ, ನನ್ನ ಬಲಗೈಗೆ ಪೆಟ್ಟಾಗಿದೆ, ಇದನ್ನು ಮುಚ್ಚಿಡಲು ನನ್ನನ್ನು ಒತ್ತಾಯಿಸುತ್ತಿದ್ದಾರೆ" ಅಂತ ಇತ್ತು. ಫೋನ್ ಹಾಸಿಗಿ ಮ್ಯಾಲ ಒಗದೆ. ಅಂವ ನೋಡಿದ ಅಂತ ತಿಳದೆ. ಹಿಂದೊಮ್ಮೆ ನಾನ ಅತ್ತುಕೋತ ಆ ಫೋನಿಗೆ ಎಲ್ಲಾ ಹೇಳಿದ್ದೆ ಅನ್ನೂದು ಆಮ್ಯಾಲ ನೆನಪಾತು. ಐದು ದಿನಾ ಫೋನ್ ಮುಟ್ಟಲಿಲ್ಲ. ಅಂವ ಬಂದು ಬೈದ, ಚಾರ್ಜ್ ಇಲ್ಲ ಅಂದೆ. ಆ ಐದು ದಿನಾ ಅಮ್ಮ ಹೆಂಗ ತಗದ್ಲು ಅಂತ ಈಗ ಗೊತ್ತಾಗೇತಿ.

ಆದ್ರ ಆ ಸಾಲು ತಲ್ಯಾಗಿಂದ ಹೋಗಲಿಲ್ಲ. ಎಪ್ಪತ್ತು ದಿನದಾಗ ಯಾರೂ, ನಾ ಸುದ್ಧಾ, "ಒತ್ತಾಯ" ಅನ್ನೂ ಮಾತು ಅಂದಿರಲಿಲ್ಲ. ಬರದದ್ದು ನೋಡಿದ ಮ್ಯಾಲ ಅದು ಆಗೇತಿ ಅನಸ್ತು. ಸೋಮವಾರ ಫೋನ್ ತಗದೆ. ಎರಡನೇ ಕರಡನ್ನ ಕಳಸಲಿಲ್ಲ ಮೌಶಿ. ಅದು ಬ್ಯಾಂಕಿನ ಪತ್ರದಂಗ ಇತ್ತು. ಅಮ್ಮ ನಂಬತಿರಲಿಲ್ಲ. ಎಲ್ಲಾ ಅಳಿಸಿ ಎಡಗೈ ಹೆಬ್ಬೆಟ್ಟಿಲೆ ಒಂದೊಂದ ಅಕ್ಷರ ಒತ್ತಿದೆ. ಮುಕ್ಕಾಲು ತಾಸು ಹಿಡೀತು. ಕಳಿಸಿದ ಕೂಡ್ಲೆ ನನ್ನ ಫೋನಿನ್ಯಾಗಿಂದ ಅದನ್ನ ಅಳಿಸಿದೆ.

ಮಂಗಳವಾರ ಹಾವೇರ್ಯಾಗ ಕಾರ್ಮಿಕ ಅಧಿಕಾರಿ ಮುಂದ ಹೇಳಿಕಿ ಐತಿ. ಜೋಡಿ ಹುಡುಗ್ಯಾರೊಳಗ ತರನ್ನುಮ ಬರತೇನಿ ಅಂದಾಳ. ಉಳಿದವರು ನನ್ನ ನಂಬರ ಅಳಿಸ್ಯಾರು. ಮ್ಯಾನೇಜರನೂ ಬರತಾನಂತ, ವಕೀಲರನ್ನ ಕರಕೊಂಡು. ಅಂವನ ಮುಂದ ಕುಂದರಬೇಕು ಅಂದ್ರ ಇಲ್ಲದ ಬೆರಳು ಉರಿಯಾಕ ಹತ್ತತಾವು.

ಹೇಳಿಕಿ ಬರದು ಕೊಡತೇನಿ, ಓದಿಬಿಡು ಅಂತ ನೀವು ಅಂದ್ರಿ. ಬ್ಯಾಡ್ರಿ. ನೀವು ಚಲೋ ಬರೀತೀರಿ, ಅದು ನನಗ ಗೊತ್ತೈತಿ. ನಾ ಬಾಯಿಲೆ ಹೇಳತೇನಿ. ಅಂವನ ಮಾರಿ ನೋಡಿದ್ರ ನಡುವ ನಿಲ್ಲತೇನೇನೋ. ನಿಂತ್ರ ನಿಲ್ಲತೇನಿ. ನೀವೂ ಅಮ್ಮಾನೂ ಆಜೂಬಾಜೂ ಕುಂದರ್ರಿ. ನಾ ತಡವರಿಸಿದ್ರ ಎಷ್ಟೊತ್ತ ಆಗಲಿ, ನನಗ ಶಬ್ದ ಕೊಡಬ್ಯಾಡ್ರಿ.

ನಿಮ್ಮ
ಶಾಹೀನ